ದೊಡ್ಡಮ್ಮನ ಜೊತೆ ತೋನ್ಸೆಪಾರ್: ಕಾರಿಲ್ಲದೆ ಒಂದು ದಿನ, ಕಾರಲ್ಲಿ ಒಂದು ದಿನ

ಈ ಕೈ ನೋಡಿ. ಚಿಕ್ಕ ದೋಣಿಯಲ್ಲಿ ನಿಂತಿರುವ ಅಣ್ಣನದ್ದು. ದೊಡ್ಡಮ್ಮನ ಅಂಗೈ ಹಿಡಿಯುವುದಿಲ್ಲ ಅವರು, ಮಣಿಕಟ್ಟು ಹಿಡಿಯುತ್ತಾರೆ. ಉಪ್ಪುನೀರಿಗೆ ಅಂಗೈ ಜಾರ್ತದೆ, ಮಣಿಕಟ್ಟು ಜಾರುವುದಿಲ್ಲ. "ಈಗ ಬೇಡ ಅಮ್ಮ, ತೆರೆ ಬರ್ಲಿ. ಹಾಂ, ಈಗ ಬನ್ನಿ." ತೆರೆ ಎತ್ತಿ ಎರಡೂ ದೋಣಿಯ ಅಂಚು ಸಮ ಆಗುವ ಆ ಒಂದು ಗಳಿಗೆಗೆ ಕಾದು, 68 ವರ್ಷದ ನನ್ನ ದೊಡ್ಡಮ್ಮನನ್ನು ದೊಡ್ಡ ಬೋಟಿನಿಂದ ಚಿಕ್ಕ ದೋಣಿಗೆ ಇಳಿಸಿದರು. ಅವರ ಎಡ ಮಂಡಿಗೆ ನೋವುಂಟು. ಇಳಿದ ಮೇಲೆ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿ ನಕ್ಕರು.

ಮಂಗಳೂರಿನಿಂದ ಮಲ್ಪೆ ಕಡಲಿನ ಈ ತೋನ್ಸೆಪಾರ್ ದ್ವೀಪದವರೆಗಿನ ದಾರಿಯಲ್ಲಿ ಕಷ್ಟದ ಜಾಗ ಅಂತ ಇದ್ದದ್ದು ಇದೊಂದೇ. ಇದಕ್ಕೆ ಕಾರು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

"ಮಂಡಿ ನೋವಿನವರನ್ನು ಬಸ್ಸಲ್ಲಿ ಕರ್ಕೊಂಡು ಹೋಗ್ತೀಯಾ?" ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದರು. ಕೇಳಿದ್ದರಲ್ಲಿ ತಪ್ಪಿಲ್ಲ. ಕಳೆದ ವರ್ಷ ಡಿಸೆಂಬರಿನ ಒಂದು ಆದಿತ್ಯವಾರ ನಾವು ಕಾರಲ್ಲೇ ಹೋಗಿದ್ದೆವು. ಆದಿ ಉಡುಪಿ ದಾಟಿದ್ದೇ ತಡ, ಗಾಡಿಗಳ ಸಾಲು. ಕಲ್ಮಾಡಿಯವರೆಗೆ ತೆವಳಿಕೊಂಡು ಹೋಗಿ, ಮಲ್ಪೆಯಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಹುಡುಕಿ, ದ್ವೀಪದ ಬೋಟಿನ ಕೌಂಟರಿಗೆ ಬಂದು ಮುಟ್ಟುವಾಗ ಆ ದಿನದ ಟಿಕೆಟ್ ಕೊಡುವುದು ನಿಂತಿತ್ತು. ದೊಡ್ಡಮ್ಮ ಬೀಚಿನ ಮರಳಲ್ಲಿ ಕೂತು ದೂರದ ತೆಂಗಿನ ಗೆರೆಯನ್ನೇ ನೋಡ್ತಾ ಇದ್ದರು. "ಅದೇನಾ?" ಅಂತ ಕೇಳಿದರು. "ಹೌದು ದೊಡ್ಡಮ್ಮ, ಅದೇ." ಅಷ್ಟೇ ಮಾತು. ಆ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಈ ಸಲ ಜನವರಿ, ಬುಧವಾರ, ಬಸ್ಸು.

ಈಗ ಕಾಣ್ತಿರುವುದು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್, ಬೆಳಿಗ್ಗೆ ಏಳು ಗಂಟೆ. ನಮ್ಮ ಮನೆ ಕೊಟ್ಟಾರ ಚೌಕಿ ಹತ್ತಿರ. ಅಲ್ಲಿಯೇ ಹೈವೇಯಲ್ಲಿ ಕೈ ತೋರಿಸಿದರೆ ಎಕ್ಸ್‌ಪ್ರೆಸ್ ಸಿಗ್ತದೆ, ಆದರೆ ಹತ್ತಿದ ಕಾಲು ಒಳಗೆ ಬರುವ ಮೊದಲೇ ಸೀಟಿ ಊದಿ ಆಗ್ತದೆ. ವಯಸ್ಸಾದವರನ್ನು ಕರ್ಕೊಂಡು ಹೋಗುವವರು ದಯವಿಟ್ಟು ಇದನ್ನು ನೆನಪಲ್ಲಿ ಇಟ್ಕೊಳ್ಳಿ: ರಿಕ್ಷಾ ಮಾಡಿಯಾದರೂ ಬಸ್ಸು ಹೊರಡುವ ಜಾಗಕ್ಕೇ ಹೋಗಿ. ನಿಂತ ಬಸ್ಸಿಗೆ ನಿಧಾನಕ್ಕೆ ಹತ್ತಬಹುದು, ಕಿಟಕಿ ಸೀಟೂ ಸಿಗ್ತದೆ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಉಂಟು, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಈ ದಾರಿಯಲ್ಲಿ ನಿಮಿಷಕ್ಕೊಂದು ಅನ್ನುವ ಹಾಗೆ ಓಡುವುದು ಖಾಸಗಿ ಬಸ್ಸುಗಳು, ಅದರಲ್ಲಿ ಹೆಂಗಸರೂ ಟಿಕೆಟ್ ತೆಗೀಬೇಕು. ರೈಲೂ ಉಂಟು, ಇಳಿಯುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಮತ್ತೆ ಪೇಟೆಗೆ ಬರಬೇಕು. ನಮಗೆ ಅದು ಸರಿ ಕಾಣಲಿಲ್ಲ.

ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅಂತ ಎಲ್ಲರನ್ನೂ ಮುಂದೆ ಕಳಿಸ್ತಾ ಬಂದವರು, ದೊಡ್ಡಮ್ಮನ ಹತ್ತಿರ ಬಂದಾಗ ಸ್ವರ ತಗ್ಗಿಸಿ "ಓಡೆಗ್ ಅಮ್ಮ?" ಅಂತ ಕೇಳಿದರು. "ಉಡುಪಿ" ಅಂದರು ದೊಡ್ಡಮ್ಮ. ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಚಿಟ್ಟ ನೋಟುಗಳು, ಹತ್ತಕ್ಕೊಂದು ಸಂದಿ, ಇಪ್ಪತ್ತಕ್ಕೊಂದು ಸಂದಿ. ನೋಡದೆಯೇ ಚಿಲ್ಲರೆ ತೆಗೆದು ಕೊಟ್ಟರು.

ಮತ್ತೆ ಹೊಳೆಗಳು. ಕೂಳೂರಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿ ದಾಟುವಾಗ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ. ಈ ದಾರಿಯಲ್ಲಿ ಎಷ್ಟೋ ಸಲ ಕಾರಲ್ಲಿ ಓಡಾಡಿದ್ದೇನೆ. ಕಾರಿನ ಸೀಟು ತಗ್ಗು, ಸೇತುವೆಯ ಕಟ್ಟೆಗೆ ಕಣ್ಣು ತಾಗ್ತದೆ, ನೀರು ಕಾಣುವುದಿಲ್ಲ. ಬಸ್ಸಿನ ಕಿಟಕಿಯಿಂದ ಹೊಳೆ ಪೂರ್ತಿ ಕಾಣ್ತದೆ: ದಡದ ತೆಂಗು, ಮರಳಿನ ದಿಣ್ಣೆ, ಒಂಟಿ ದೋಣಿಯಲ್ಲಿ ನಿಂತು ಬಲೆ ಬೀಸುವವರು. ದೊಡ್ಡಮ್ಮ ಪ್ರತಿ ಸೇತುವೆಗೂ ಕೈ ಮುಗಿದರು. ಕಟಪಾಡಿ ಬರುವಾಗ ಮುಂದಿನ ಸೀಟಿನ ಹೆಂಗಸಿನ ತಲೆಯಲ್ಲಿದ್ದ ಶಂಕರಪುರ ಮಲ್ಲಿಗೆಯ ಪರಿಮಳ ಗಾಳಿಗೆ ಹಿಂದೆ ಬರ್ತಾ ಇತ್ತು. ಅದು ವಿಡಿಯೋದಲ್ಲಿ ಸಿಗುವುದಿಲ್ಲ, ಆದ್ದರಿಂದ ಬಾಯಲ್ಲಿ ಹೇಳ್ತಿದ್ದೇನೆ.

ಉಡುಪಿಯಲ್ಲಿ ಇಳಿದು, ಕಾಫಿ ಕುಡಿದು, ಸಿಟಿ ಬಸ್ಸಲ್ಲಿ ಮಲ್ಪೆ. ಆರೇ ಕಿಲೋಮೀಟರ್ ದಾರಿ. ಹತ್ತು ಗಂಟೆಯೊಳಗೆ ನಮ್ಮ ಕೈಯಲ್ಲಿ ಬೋಟಿನ ಟಿಕೆಟ್ ಇತ್ತು. ಜನ ಸಾಕಷ್ಟು ಆಗದೆ ಬೋಟು ಬಿಡುವುದಿಲ್ಲ, ಸ್ವಲ್ಪ ಕಾಯಬೇಕು. ಕಾಯುವಾಗ ಬಂದರು ನೋಡಿದೆವು: ಸಾಲಾಗಿ ನಿಂತ ಟ್ರಾಲ್ ಬೋಟುಗಳು, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಬುಟ್ಟಿಯಲ್ಲಿ ಬಂಗುಡೆ. ಮಳೆಗಾಲದಲ್ಲಿ ಬರಬೇಡಿ. ಜೂನಿನಿಂದ ಸುಮಾರು ಸೆಪ್ಟೆಂಬರ್ ತನಕ ಕಡಲು ಬಿಡುವುದಿಲ್ಲ, ದ್ವೀಪಕ್ಕೆ ಬೋಟೂ ಇರುವುದಿಲ್ಲ.

ಇದು ತೋನ್ಸೆಪಾರ್. ಹೊರಗಿನವರಿಗೆ ಸೈಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅಂತ ಹೇಳಿಕೆ. ನಾವು ಇಳಿದ ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್. ರಸ್ತೆ ಇಲ್ಲ, ಗಾಡಿ ಇಲ್ಲ, ರಾತ್ರಿ ಉಳಿಯುವ ಹಾಗಿಲ್ಲ. ದೊಡ್ಡಮ್ಮನ ಹೆಜ್ಜೆಯಲ್ಲಿ ಕೂತು ಎದ್ದು ಕೂತು ಎದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಗಂಟೆ. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಕಾಲಿಗೆ ಚುಚ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕ್ಕೊಂಡು ಬನ್ನಿ.

ಈ ಕಲ್ಲುಗಳ ಹತ್ತಿರ ಕ್ಯಾಮೆರಾ ಸ್ವಲ್ಪ ಹೊತ್ತು ನಿಲ್ಲಿಸ್ತೇನೆ. ಕಂಬ ಕಂಬವಾಗಿ ಎದ್ದಿವೆ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು, ಏಳೂ ಉಂಟು. ಯಾರೋ ಉಳಿ ಹಿಡಿದು ಕೆತ್ತಿದ ಹಾಗೆ ಅಂಚು. ಸುಮಾರು 8.8 ಕೋಟಿ ವರ್ಷದ ಹಿಂದೆ, ನಮ್ಮ ಈ ನೆಲ ಮಡಗಾಸ್ಕರಿಗೆ ಅಂಟಿಕೊಂಡಿದ್ದ ಕಾಲದಲ್ಲಿ, ಭೂಮಿಯೊಳಗಿಂದ ಉಕ್ಕಿದ ಲಾವಾ ಇದು. ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು, ಬಿರುಕು ಮೇಲಿನಿಂದ ಕೆಳಗಿನವರೆಗೆ ಇಳಿದು ಕಂಬ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ನಾನು ಇದನ್ನೆಲ್ಲ ಓದಿಕೊಂಡು ಹೋಗಿ ದೊಡ್ಡಮ್ಮನಿಗೆ ವಿವರಿಸಿದೆ. ಅವರು ಒಂದು ತಗ್ಗು ಕಂಬದ ತಲೆಯ ಮೇಲೆ ಕೂತು, ಅದರ ಮೂಲೆಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿದರು. ಆರು. ಆಮೇಲೆ ಹೇಳಿದರು, "ಕೊಳಕೆ ಭತ್ತ ಕೊಯ್ದ ಮೇಲೆ ಗದ್ದೆ ಬಿರೀತದಲ್ಲ, ಹಾಗೆಯೇ ಇದು. ನೀರು ಆರಿದರೆ ಮಣ್ಣು ಬಿರೀತದೆ, ಬೆಂಕಿ ಆರಿದರೆ ಕಲ್ಲು." ನಾನು ಓದಿದ ಯಾವ ಲೇಖನವೂ ಇಷ್ಟು ಚಂದ ಹೇಳಿರಲಿಲ್ಲ.

ಕಲ್ಲಿನ ಆಚೆ ಬದಿಗೆ ಅಲೆ ಜೋರು, ಪಾಚಿ ಜಾರ್ತದೆ. ಅಲ್ಲಿ ಫೋಟೋಕ್ಕೆ ಹೋಗಬೇಡಿ, ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ. ಆ ಸೀಟಿ ನಿಮ್ಮ ಜೀವಕ್ಕಾಗಿ.

ವಾಪಸ್ ಬರುವಾಗ ಮಣಿಕಟ್ಟು ಹಿಡಿಯುವ ಅಣ್ಣ ಬೇರೆ, ಹಿಡಿಯುವ ರೀತಿ ಅದೇ. ಉಡುಪಿಯಲ್ಲಿ ಗೋಳಿಬಜೆ ತಿಂದು, ಬ್ರಹ್ಮಾವರದ ಅಕ್ಕನ ಮನೆಗೆ ಹೋಗಿ ಮಲಗಿದೆವು.

ಮರುದಿನ ಕಾರಿನ ದಿನ. ನಾನು ಕಾರು ಬೇಡ ಅನ್ನುವವಳಲ್ಲ. ಎಲ್ಲಿ ಬೇಕೋ ಅಲ್ಲಿ ಬೇಕೇ ಬೇಕು. ದೊಡ್ಡಮ್ಮನಿಗೆ ಕೋಡಿ ಬೆಂಗ್ರೆ ನೋಡಬೇಕಿತ್ತು. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಹಗ್ಗದ ಹಾಗೆ ಊರು. ಸೀತಾ, ಸುವರ್ಣಾ ನದಿಗಳು ಅಲ್ಲೇ ಕಡಲು ಸೇರುವುದು. ಹೂಡೆ ಕಡೆಯಿಂದ ಬಸ್ಸಲ್ಲೂ ಹೋಗಬಹುದು. ಆದರೆ ಆ ಉದ್ದದ ದಾರಿಯಲ್ಲಿ ಹತ್ತು ಕಡೆ ನಿಲ್ಲಿಸಿ ಇಳಿಯಬೇಕು ಅನ್ನಿಸ್ತದೆ, ಹತ್ತು ಸಲ ಬಸ್ಸಿಗೆ ಕಾಯ್ಲಿಕ್ಕೆ ದೊಡ್ಡಮ್ಮನ ಕಾಲು ಬಿಡುವುದಿಲ್ಲ. ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ ಮತ್ತೆ ಕಾರು ಬಿಟ್ಟು ನಡೀಬೇಕು. ಆಚೆ ತಿಮ್ಮಣ್ಣ ಕುದ್ರು, ಈಚೆ ನಿಂತ ಕಾರು. ಕುದ್ರು ಅಂದರೆ ನಮ್ಮ ಕಡೆ ಹೊಳೆಯ ನಡುವಿನ ದ್ವೀಪ.

ಬ್ರಹ್ಮಾವರದಿಂದ ಬೆಂಗ್ರೆಗೆ ರಸ್ತೆಯಲ್ಲಿ ಹೋದರೆ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಸುತ್ತಿ ಹೋಗಬೇಕು. ಭಾವ ಕಾರನ್ನು ಸೀದಾ ಹಂಗಾರಕಟ್ಟೆಗೆ ತಿರುಗಿಸಿದರು. ಅಲ್ಲಿಂದ ಬಾರ್ಜು, ಹೊಳೆ ದಾಟಿದರೆ ಎದುರಿಗೇ ಬೆಂಗ್ರೆ. ಬೈಕುಗಳು ಮೊದಲು ಹತ್ತಿದವು, ಹಿಂದಿನಿಂದ ನಮ್ಮ ಕಾರು. ಕಬ್ಬಿಣದ ಹಲಗೆ ಚಕ್ರದ ಕೆಳಗೆ ಧಡ್ ಅಂತ ಸದ್ದು ಮಾಡಿತು.

ಭಾವ ಎಂಜಿನ್ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದರು. "ಅತ್ತೆ, ಎ.ಸಿ. ಉಂಟು, ಒಳಗೇ ಕೂತ್ಕೊಳ್ಳಿ" ಅಂದರು. ದೊಡ್ಡಮ್ಮ ಅಷ್ಟರಲ್ಲಿ ಬಾಗಿಲು ತೆಗೆದಾಗಿತ್ತು. ಕೆಳಗಿಳಿದು, ಒಂದು ಕೈಯಲ್ಲಿ ಬಾರ್ಜಿನ ಕಂಬಿ ಹಿಡಿದು, ಇನ್ನೊಂದು ಕೈ ಹಿಂದೆ ಚಾಚಿದರು. ನಾನು ಹೋಗಿ ಮಣಿಕಟ್ಟು ಹಿಡಿದೆ.