ಕಾಕಾ, ಆಟ ಎಲ್ಲೈತಿ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಇದೆಯಾ? ಮೈಕ್ ಇವತ್ತು ಸ್ವಲ್ಪ ಮುನಿಸಿಕೊಂಡಿದೆ.

ಹುಬ್ಬಳ್ಳಿಯಲ್ಲಿ ಗೇಮ್ ಮಾಡುವ ಹುಡುಗರು ನಾಲ್ಕು ಜನ ಸೇರಿದರೆ ಒಂದು ಜಗಳ ಗ್ಯಾರಂಟಿ. ಗೇಮ್ ಬರೆಯುವುದು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಸಿ ಪ್ಲಸ್ ಪ್ಲಸ್ಸೋ, ಸಿ ಶಾರ್ಪೋ, ಪೈಥಾನೋ? ಈಗ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಇಬ್ಬರು ಹಿಡಿದುಕೊಂಡರು. ಅದಕ್ಕೇ ಏಳು ಪಾಯಿಂಟ್ ಬರೆದುಕೊಂಡು ಬಂದಿದ್ದೇನೆ. ಎಷ್ಟು ಮುಗಿಯುತ್ತೋ ನೋಡೋಣ.

ಮೊದಲು ನನ್ನ ಮರ್ಯಾದೆ ಹೋದ ಕಥೆ. ಕಾಲೇಜು ಮುಗಿಸಿ ಧಾರವಾಡದಲ್ಲಿ ರೂಮು ಮಾಡಿಕೊಂಡಿದ್ದೆ. ಲಗೋರಿ ಗೇಮ್ ಮಾಡೋಣ ಅಂತ ಹೊರಟೆ. ಏಳು ಕಲ್ಲು, ಒಂದು ಚೆಂಡು, ಎರಡು ತಂಡ. ಎಷ್ಟು ಹೊತ್ತಿನ ಕೆಲಸ, ಅಲ್ವಾ? ಆದರೆ ಒಬ್ಬ ಸೀನಿಯರ್ ತಲೆಗೆ ಹುಳ ಬಿಟ್ಟಿದ್ದ. ಗೇಮ್ ಅಂದರೆ ಸಿ ಪ್ಲಸ್ ಪ್ಲಸ್, ಅದೂ ಸ್ವಂತ ಎಂಜಿನ್, ಅಂದರೆ ಆಟದ ಚಿತ್ರ, ಚಲನೆ ಎಲ್ಲ ನಡೆಸುವ ತಳಪಾಯವನ್ನೂ ನಾವೇ ಬರೆಯಬೇಕು, ಉಳಿದದ್ದೆಲ್ಲ ಮಕ್ಕಳಾಟ ಅಂತ. ಸರಿ, ಶುರು ಮಾಡಿದೆ. ವಿಂಡೋ ತೆರೆಯುವುದಕ್ಕೆ ಒಂದು ವಾರ. ಚಿತ್ರ ತೋರಿಸುವುದಕ್ಕೆ ಎರಡು ವಾರ. ಆಮೇಲೆ ಕಲ್ಲಿನ ಮೇಲೆ ಕಲ್ಲು ಕೂರಬೇಕಲ್ಲ, ಕೂರಲೇ ಇಲ್ಲ. ಯಾರೂ ಚೆಂಡು ಹೊಡೆಯದೆಯೇ, ಚಳಿಜ್ವರ ಬಂದವರ ಹಾಗೆ ಸುಮ್ನೆ ನಡುಗಿ ನಡುಗಿ ಒಂದೊಂದೇ ಜಾರಿ ಬೀಳುತ್ತಿದ್ದವು. ಫಿಸಿಕ್ಸ್ ಕೋಡ್ ಬರೆದವರಿಗೆ ಈ ಸಂಕಟ ಗೊತ್ತು. ವಸ್ತುಗಳನ್ನು ಬೀಳಿಸುವುದು ಸುಲಭ, ಒಂದರ ಮೇಲೊಂದು ಅಲುಗದ ಹಾಗೆ ನಿಲ್ಲಿಸುವುದೇ ಕಷ್ಟ. ಈ ಕೆಲಸಕ್ಕೇ ಯಾರೋ ಬರೆದಿಟ್ಟ ಕೋಡ್, ಬಾಕ್ಸ್2ಡಿ ಅನ್ನುವ ಲೈಬ್ರರಿ, 2007ರಿಂದ ಪುಕ್ಕಟೆ ಸಿಗುತ್ತಿತ್ತು. ಆದರೆ ನನ್ನದು ಸ್ವಂತ ಎಂಜಿನ್ ಅಲ್ವಾ! ಒಟ್ಟು ಎರಡು ವರ್ಷ ಹೋಯಿತು.

ದೀಪಾವಳಿಗೆ ಗದಗಿಗೆ ಹೋದಾಗ ಅಣ್ಣನ ಮಗನಿಗೆ ತೋರಿಸಿದೆ. ಏಳನೇ ಕ್ಲಾಸಿನ ಹುಡುಗ. ಏಳೂ ಕಲ್ಲು ನಿಂತಿವೆ, ಒಂದೂ ಅಲುಗುತ್ತಿಲ್ಲ, ನನ್ನ ಎದೆ ಉಬ್ಬಿದೆ. ಅವನು ಮೌಸ್ ಹಿಡಿದು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಆಮೇಲೆ ಕೇಳಿದ, "ಕಾಕಾ, ಕಲ್ಲು ಚಲೋ ನಿಂತಾವು. ಆಟ ಎಲ್ಲೈತಿ?"

ಇನ್ನೂ ಇದೆ, ನಗಬೇಡಿ. ಹಬ್ಬ ಮುಗಿಯುವಷ್ಟರಲ್ಲಿ ಅವನೇ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಬ್ಲಾಕ್ ಜೋಡಿಸಿ ಲಗೋರಿ ಮಾಡಿದ. ಕಿತ್ತಳೆ ಬಣ್ಣದ ಬೆಕ್ಕು ಚೆಂಡು ಒಗೆಯುತ್ತೆ, ಕಲ್ಲು ಬೀಳುತ್ತೆ, ಅಂಕ ಏರುತ್ತೆ. ಫಿಸಿಕ್ಸ್ ಶುದ್ಧ ಸುಳ್ಳು. ಆದರೆ ನಮ್ಮ ಅವ್ವ ಚಹಾ ತಣ್ಣಗಾಗಲು ಬಿಟ್ಟು ಅದನ್ನು ಆಡುತ್ತಾ ಕೂತಿದ್ದಳು.

ಹಾಗಾಗಿ ಹವ್ಯಾಸಕ್ಕೆ ಮಾಡುವವರಿಗೆ ನನ್ನ ಉತ್ತರ ಒಂದೇ. ಯಾವ ಭಾಷೆಯಲ್ಲಿ ಆಟ ಬೇಗ ಕೈಗೆ ಬರುತ್ತೋ ಅದು. ಬಲಾಟ್ರೋ ನೋಡಿ, 2024ರಲ್ಲಿ ಲಕ್ಷಾಂತರ ಪ್ರತಿ ಮಾರಿದ ಆಟ. ಬರೆದಿರುವುದು ಲುವಾದಲ್ಲಿ. ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬನೇ ಕೂತು ಸಿ ಶಾರ್ಪ್‌ನಲ್ಲಿ ಮಾಡಿದ. ಮೈನ್‌ಕ್ರಾಫ್ಟ್ ಶುರುವಾಗಿದ್ದು ಜಾವಾದಲ್ಲಿ. ಜಾವಾದಲ್ಲಿ ಗೇಮಾ ಅಂತ ಮೂಗು ಮುರಿಯುವವರು ಆಗಲೂ ಇದ್ದರು. ಇನ್ನೊಂದು ಕಡೆ ಕ್ರಿಸ್ ಸಾಯರ್ ಇದ್ದಾನೆ. 1999ರ ರೋಲರ್‌ಕೋಸ್ಟರ್ ಟೈಕೂನನ್ನು ಹೆಚ್ಚುಕಡಿಮೆ ಪೂರ್ತಿ ಅಸೆಂಬ್ಲಿಯಲ್ಲೇ, ಅಂದರೆ ಯಂತ್ರದ ಭಾಷೆಗೆ ತೀರಾ ಹತ್ತಿರದ ಭಾಷೆಯಲ್ಲೇ, ಬರೆದ. ಅದನ್ನು ನೋಡಿ ನೀವೂ ಅಸೆಂಬ್ಲಿಗೆ ಇಳಿಯಬೇಡಿ. ಆತ ಅದಕ್ಕೂ ಮೊದಲು ಎಷ್ಟೋ ವರ್ಷ ಅದರಲ್ಲೇ ಕೈ ಪಳಗಿಸಿಕೊಂಡಿದ್ದ.

ಈಗ ನೌಕರಿ ಮಾಡುವವರ ವಿಷಯ. ಅಲ್ಲಿ ನೀವು ಭಾಷೆ ಆರಿಸುವುದಿಲ್ಲ, ಕಂಪನಿ ಯಾವ ಎಂಜಿನ್ ಬಳಸುತ್ತೋ ಅದರ ಭಾಷೆ ನಿಮ್ಮದು. ಯೂನಿಟಿ ಆದರೆ ಸಿ ಶಾರ್ಪ್, ಅನ್‌ರಿಯಲ್ ಆದರೆ ಸಿ ಪ್ಲಸ್ ಪ್ಲಸ್. ವೇಗ ಎಲ್ಲಿ ಬೇಕಾಗುತ್ತೆ ಅನ್ನುವುದನ್ನು ಮಾತ್ರ ತಿಳಿದುಕೊಳ್ಳಿ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕು ಅಂದರೆ ಒಂದು ಫ್ರೇಮಿಗೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಸಿ ಶಾರ್ಪ್‌ನಲ್ಲಿ ಬಳಸಿ ಬಿಟ್ಟ ಮೆಮೊರಿಯ ಕಸ ಎತ್ತುವ ಗಾಡಿ ತಾನಾಗಿಯೇ ಬರುತ್ತೆ. ಒಳ್ಳೆಯದೇ. ಆದರೆ ನಮ್ಮ ಓಣಿಯ ಕಸದ ಗಾಡಿ ಹಾಗೇ, ಅದು ಬಂದು ನಿಂತರೆ ಹಿಂದಿನ ಬೈಕು, ಆಟೋ, ಸ್ಕೂಲ್ ವ್ಯಾನು ಎಲ್ಲ ನಿಲ್ಲಬೇಕು. ಆಟ ಒಂದು ಕ್ಷಣ ತಡವರಿಸುವುದು ಆಗಲೇ. ಅದಕ್ಕೇ ಅನುಭವ ಇದ್ದವರು ಗುಂಡು, ಶತ್ರು ಇವನ್ನೆಲ್ಲ ಪ್ರತಿ ಸಲ ಹೊಸದಾಗಿ ಹುಟ್ಟಿಸುವುದಿಲ್ಲ, ಹಳೆಯದನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಸಿ ಪ್ಲಸ್ ಪ್ಲಸ್‌ನಲ್ಲಿ ನಿಮ್ಮ ಕಸ ನೀವೇ ಎತ್ತಬೇಕು. ಮರೆತರೆ ಮನೆ ತುಂಬ ನಾರುತ್ತೆ. ಆದರೆ ಇಲ್ಲಿ ಕೂತವರಲ್ಲಿ ಈ 16 ಮಿಲಿಸೆಕೆಂಡಿನ ತೊಂದರೆಗೆ ಸಿಕ್ಕಿದವರು ಎಷ್ಟು ಜನ? ಒಂದು... ಎರಡು ಕೈ. ಉಳಿದವರಿಗೆ ನಮ್ಮ ಹುಡುಗನ ಪ್ರಶ್ನೆಯೇ. ಆಟ ಎಲ್ಲೈತಿ?

ಚೀಟಿ ಬಂತು. ಐದು ನಿಮಿಷ ಅಂತೆ. ನಾನಿನ್ನೂ ಮೂರನೇ ಪಾಯಿಂಟ್‌ನಲ್ಲಿದ್ದೇನೆ.

ಎಂಜಿನ್ ಲೈಸೆನ್ಸ್ ಓದಿ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಒಂದು ಮಿತಿ ದಾಟಿದ ಆಟಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಹೇಳಿ ಎಲ್ಲರ ನಿದ್ದೆ ಕೆಡಿಸಿತು, ಮುಂದಿನ ವರ್ಷ ವಾಪಸ್ ತಗೊಂಡಿತು. ಭಾಷೆ ಚೆನ್ನಾಗಿದ್ದರೆ ಸಾಲದು, ಅಂಗಡಿ ಯಾರದ್ದು ಅನ್ನುವುದನ್ನೂ ನೋಡಬೇಕು. ಪೈಥಾನ್? ಕಲಿಯುವುದಕ್ಕೆ ಚಲೋ, ಅದರ ಗೇಮ್ ಲೈಬ್ರರಿ ಪೈಗೇಮ್‌ನಲ್ಲಿ ಹಾವಿನ ಆಟ ಮಾಡಿ. ಮೊಬೈಲಿಗೆ ಹಾಕುವಾಗ ಮಾತ್ರ ಒದ್ದಾಡುತ್ತೀರಿ. ಜಾವಾಸ್ಕ್ರಿಪ್ಟ್‌ಗೆ ಬ್ರೌಸರ್ ಇದ್ದರೆ ಸಾಕು. ಲಿಂಕ್ ಕಳಿಸಿದರೆ ಗೆಳೆಯರು ಆಡುತ್ತಾರೆ. ರಸ್ಟ್ ಭಾಷೆಯ ಬಗ್ಗೆ... ಬೇಡ, ಆ ಮೂಲೆಯಲ್ಲಿ ಕೂತ ಅದರ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ.

ಉಳಿದ ಪಾಯಿಂಟ್ ಗಿರಮಿಟ್ ತಿನ್ನುತ್ತಾ ಮಾತಾಡೋಣ, ತಟ್ಟೆ ಬಂದೇ ಬಿಟ್ಟವು. ಲ್ಯಾಪ್‌ಟಾಪ್ ತಂದವರು ಕೈ ತೊಳೆದುಕೊಂಡು ಮುಂದಿನ ಸಾಲಿಗೆ ಬನ್ನಿ. ಪೆನ್‌ಡ್ರೈವ್‌ನಲ್ಲಿ ಗೋಡೋ ಎಂಜಿನ್ ಇದೆ. ಪುಕ್ಕಟೆ, ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ. ಅದರದ್ದೇ ಜಿಡಿಸ್ಕ್ರಿಪ್ಟ್ ಭಾಷೆ, ಪೈಥಾನ್ ಬಲ್ಲವರಿಗೆ ಅರ್ಧ ಗೊತ್ತಿರುವುದೇ. ಇವತ್ತು ಲಗೋರಿಯಿಂದಲೇ ಶುರು ಮಾಡೋಣ. ನನ್ನದು ಇನ್ನೂ ಮುಗಿದಿಲ್ಲ.