ಮ್ಯಾಕೋ, ವಿಂಡೋಸೋ, ಲಿನಕ್ಸೋ: ಮೊದಲು ಪ್ರೆಸ್ಸಿನವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಸರಿ.

ಕಾಲೇಜು ಶುರುವಾಗುವ ಹೊತ್ತಿನಲ್ಲಿ ನನ್ನಂಥವನನ್ನು ಮಾತಿಗೆ ಕರೆದರೆ ಅದಕ್ಕೆ ಒಂದೇ ಕಾರಣ. ಮಕ್ಕಳು ಡಿಸೈನೋ, ಅನಿಮೇಷನ್ನೋ, ಸೌಂಡೋ ಸೇರಿದ್ದಾರೆ. ಮನೆಯಲ್ಲಿ ಜಗಳ ಶುರುವಾಗಿದೆ. ಮಗಳಿಗೆ ಮ್ಯಾಕ್ ಬೇಕು. ಅಪ್ಪನಿಗೆ ಇಎಂಐ ಚಿಂತೆ. ಅಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಅವನು "ಲಿನಕ್ಸ್ ಹಾಕ್ಕೋ, ಫ್ರೀ" ಅನ್ನುತ್ತಾನೆ. ಅಮ್ಮ ಮಾತ್ರ ಸುಮ್ಮನಿದ್ದಾರೆ. ಯಾಕೆಂದರೆ ದುಡ್ಡು ಕೊನೆಗೆ ಬರುವುದು ಅವರು ಕಟ್ಟಿದ ಚೀಟಿಯಿಂದ.

ಇವರೆಲ್ಲ ಕಂಪ್ಯೂಟರ್ ಬಗ್ಗೆ ಜಗಳ ಆಡುತ್ತಿದ್ದಾರೆ. ನಾನು ಕೇಳುವುದು ಬೇರೆ. ನೀವು ಮಾಡಿದ ಫೈಲು ನಿಮ್ಮ ಕೈಬಿಟ್ಟ ಮೇಲೆ ಯಾರ ಹತ್ತಿರ ಹೋಗುತ್ತದೆ? ಅವರ ಟೇಬಲ್ ಮೇಲೆ ಏನಿದೆ? ಇದೊಂದನ್ನೇ ಇವತ್ತು ತಿರುಗಿಸಿ ಮುರುಗಿಸಿ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

"ಕಲಾವಿದರಿಗೆ ಮ್ಯಾಕ್" ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. 1985ರಲ್ಲಿ ಮೂರು ವಸ್ತು ಒಟ್ಟಿಗೆ ಸೇರಿದವು. ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್, ಅದರೊಳಗೆ ಪುಟ ಹೇಗಿರಬೇಕು ಅಂತ ಪ್ರಿಂಟರಿಗೆ ಹೇಳುವ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ, ಪುಟ ಕಟ್ಟಲು ಆಲ್ಡಸ್‌ನವರ ಪೇಜ್‌ಮೇಕರ್. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವುದು, ಅಲ್ಲಿಂದ ಶುರು. ಪೇಜ್‌ಮೇಕರ್ ವಿಂಡೋಸ್‌ಗೆ ಬಂದಿದ್ದು 1987ರಲ್ಲಿ. ಫೋಟೋಶಾಪ್ 1990ರಲ್ಲಿ ಬಂದಾಗ ಮ್ಯಾಕ್‌ಗೆ ಮಾತ್ರ ಇತ್ತು, ವಿಂಡೋಸಿನವರು 1993ರವರೆಗೆ ಕಾದರು. ಆ ಕಾಲದಲ್ಲಿ ಮ್ಯಾಕ್ ತಗೊಳ್ಳದೆ ಬೇರೆ ದಾರಿ ಇರಲಿಲ್ಲ. ಇವತ್ತು ಅದೇ ಫೋಟೋಶಾಪ್, ಅದೇ ಇಲ್ಲಸ್ಟ್ರೇಟರ್ ಎರಡರಲ್ಲೂ ಇದೆ. ಕಾರಣ ಹೋಯಿತು, ಅಭ್ಯಾಸ ಉಳಿಯಿತು.

ಆದರೆ ನಮ್ಮ ಬೆಂಗಳೂರಿನ ಕತೆ ಬೇರೆ ಥರ. ಸುಲ್ತಾನ್‌ಪೇಟೆ, ಚಾಮರಾಜಪೇಟೆ ಕಡೆಯ ಪ್ರೆಸ್ಸುಗಳಿಗೆ ಮ್ಯಾಕ್ ಹತ್ತಿರ ಬರಲೇ ಇಲ್ಲ. ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡು ಬಂದ ಕಂಪ್ಯೂಟರ್, ಅದರಲ್ಲಿ ವಿಂಡೋಸ್, ಪೇಜ್‌ಮೇಕರ್, ಕೋರಲ್‌ಡ್ರಾ. ಇದಕ್ಕೆ ಅಗ್ಗ ಅನ್ನುವುದೊಂದೇ ಕಾರಣ ಅಂದುಕೊಳ್ಳಬೇಡಿ. ಕನ್ನಡವೂ ಕಾರಣ. ಬರಹ, ನುಡಿ, ಶ್ರೀಲಿಪಿ, ಈ ಕನ್ನಡ ಟೈಪಿಂಗ್ ತಂತ್ರಾಂಶಗಳೆಲ್ಲ ವಿಂಡೋಸ್ ಮೇಲೆ ಬೆಳೆದವು. ಕೆ.ಪಿ. ರಾವ್ ಅವರ ಕೀಲಿಮಣೆ ಬೆರಳಿಗೆ ಕೂತುಬಿಟ್ಟಿತು. ಒಂದು ಇಡೀ ತಲೆಮಾರಿನ ಆಪರೇಟರುಗಳಿಗೆ ಕನ್ನಡ ಟೈಪಿಂಗ್ ಅಂದರೆ ವಿಂಡೋಸ್ ಅಂತಲೇ ಅರ್ಥ.

ಈಗ ಒಂದು ಪ್ರಸಂಗ. ನನ್ನ ಹಿಂದಿನ ಭಾಷಣ ಕೇಳಿದವರು ಕಿವಿ ಮುಚ್ಚಿಕೊಳ್ಳಿ, ಇದು ಅದೇ.

ಒಂದು ಹವ್ಯಾಸಿ ನಾಟಕ ತಂಡ. ಅದರ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ. ತಂಡದಲ್ಲೇ ಒಬ್ಬ ಹುಡುಗ, ಡಿಸೈನ್ ಓದುತ್ತಿದ್ದವನು, ಕೈ ಚೆನ್ನಾಗಿತ್ತು. ಹೊಸ ಮ್ಯಾಕ್‌ಬುಕ್‌ನಲ್ಲಿ ಕೂತು ಚಂದದ ಪುಟಗಳನ್ನು ಮಾಡಿದ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಫಾಂಟು, ಒಳ್ಳೆಯ ಅಂಚು, ಹಳೆಯ ನಾಟಕಗಳ ಕಪ್ಪು ಬಿಳುಪು ಫೋಟೋಗಳು. ಇಲ್ಲಸ್ಟ್ರೇಟರ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪ್ರೆಸ್ಸಿಗೆ ಹೋದ. ಪುಟ ನೋಡಿಕೊಡಿ ಅಂತ ನನ್ನನ್ನೂ ಎಳೆದುಕೊಂಡು ಹೋದ.

ಅಲ್ಲಿನ ಆಪರೇಟರ್ ಅನುಭವಸ್ಥರು. ಕನ್ನಡಕ ಹಣೆಯ ಮೇಲೆ, ಟೀ ಪಕ್ಕದಲ್ಲಿ. ಫೈಲನ್ನು ಹಳೆಯ ಕೋರಲ್‌ಡ್ರಾದಲ್ಲಿ ತೆಗೆದರು. ಒತ್ತಕ್ಷರಗಳೆಲ್ಲ ಮೇಲೆದ್ದು ಬಂದು ಸಾಲಿನಲ್ಲಿ ನಿಂತಿದ್ದವು. 'ಸ್ತ್ರೀ' ಅಂತ ಇರಬೇಕಾದಲ್ಲಿ 'ಸ್‌ತ್‌ರೀ'. ಅವರು ಕನ್ನಡಕ ಇಳಿಸಿ, "ಏನಪ್ಪಾ ಇದು, ತೊದಲ್ತಾ ಇದೆ" ಅಂದರು. ಹುಡುಗ, "ಅಣ್ಣ, ನನ್ನ ಮ್ಯಾಕ್‌ನಲ್ಲಿ ಸರಿಯಾಗಿದೆ" ಅಂದ. "ನಿನ್ನ ಮ್ಯಾಕು ಪ್ರಿಂಟ್ ಹೊಡಿಯುತ್ತಾ? ಹೋಗಿ ಕರ್ವ್ ಮಾಡ್ಕೊಂಡ್ ಬಾ."

ಕರ್ವ್ ಮಾಡುವುದು ಗೊತ್ತಲ್ವಾ? ಅಕ್ಷರವನ್ನು ಅಕ್ಷರವಾಗಿ ಉಳಿಸದೆ ಬರೀ ಗೆರೆಯ ಚಿತ್ರ ಮಾಡಿಬಿಡುವುದು. ಆಗ ಫಾಂಟು ಬೇಕಾಗಿಲ್ಲ, ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಹುಡುಗ ಯಲಹಂಕಕ್ಕೆ ವಾಪಸ್ ಹೋದ. ಮಾರನೇ ದಿನ ಕರ್ವ್ ಮಾಡಿದ ಪಿಡಿಎಫ್ ತಂದ. ಎಲ್ಲ ಸರಿ ಇತ್ತು. ಇನ್ನೇನು ಪ್ಲೇಟ್ ಹಾಕಬೇಕು, ತಂಡದ ಅಧ್ಯಕ್ಷರ ಫೋನು. ಮುಖ್ಯ ಅತಿಥಿಗಳ ಹೆಸರಿನ ಮುಂದೆ 'ಡಾ.' ಬಿಟ್ಟುಹೋಗಿದೆ! ಈಗೇನು ಮಾಡುವುದು? ಅಕ್ಷರ ಅಕ್ಷರವಾಗಿ ಉಳಿದಿಲ್ಲ. ಲ್ಯಾಪ್‌ಟಾಪ್ ಯಲಹಂಕದಲ್ಲಿದೆ. ಆಪರೇಟರ್ ತಲೆ ಕೆಡಿಸಿಕೊಳ್ಳಲಿಲ್ಲ. ನುಡಿಯಲ್ಲಿ 'ಡಾ.' ಟೈಪ್ ಮಾಡಿದರು, ಸ್ವಲ್ಪ ಹಿಗ್ಗಿಸಿದರು, ಹೆಸರಿನ ಮುಂದೆ ತಂದು ಕೂರಿಸಿದರು. ಹೆಸರು ಒಂದು ಫಾಂಟು, ಡಾಕ್ಟರ್ ಇನ್ನೊಂದು ಫಾಂಟು.

ಸಮಾರಂಭದ ದಿನ ಅತಿಥಿಗಳು ಸಂಚಿಕೆ ಬಿಡುಗಡೆ ಮಾಡಿದರು. ಪುಟ ತಿರುಗಿಸಿದರು. ಮೈಕ್ ಹತ್ತಿರ ಬಂದು, "ನನ್ನ ಡಾಕ್ಟರೇಟನ್ನು ಆಮೇಲೆ ಸೇರಿಸಿದ ಹಾಗೆ ಕಾಣುತ್ತದೆ" ಅಂದರು. ಅದು ಗೌರವ ಡಾಕ್ಟರೇಟ್ ಆಗಿತ್ತು ಅನ್ನುವುದು ಬೇರೆ ವಿಷಯ.

ನಗಿ ಪರವಾಗಿಲ್ಲ. ಆದರೆ ಇಲ್ಲಿ ಮ್ಯಾಕ್ ತಪ್ಪೇನಿದೆ? ಪ್ರೆಸ್ಸಿನ ವಿಂಡೋಸ್ ತಪ್ಪೇನಿದೆ? ಮೊದಲ ದಿನವೇ ಒಂದು ಫೋನ್ ಮಾಡಿ "ಅಣ್ಣ, ಹೇಗೆ ಕೊಡಲಿ" ಅಂತ ಕೇಳಿದ್ದರೆ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಪ್ಪಾ ಅನ್ನುತ್ತಿದ್ದರು. ಪಿಡಿಎಫ್ 1993ರಲ್ಲಿ ಹುಟ್ಟಿದ್ದೇ ಇದಕ್ಕೆ. 2008ರಿಂದ ಅದು ಐಎಸ್ಓ ಮಾನಕವೂ ಹೌದು. ಯಾವ ಕಂಪ್ಯೂಟರಿನಲ್ಲಿ ಮಾಡಿದ್ದೀರಿ ಅಂತ ಅದು ಕೇಳುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೆ ಜಾಗ ಕೊಟ್ಟರೆ ಸಾಲದು. ಒತ್ತನ್ನು ಕೆಳಗೆ ಇಳಿಸುವ, ಅರ್ಕಾವತ್ತನ್ನು ಮುಂದಕ್ಕೆ ತಳ್ಳುವ ಕೆಲಸವನ್ನು ಯಾರಾದರೂ ಮಾಡಬೇಕಲ್ಲ. ಅದನ್ನು ವಿಂಡೋಸ್ ಒಂದು ಎಂಜಿನ್‌ನಿಂದ ಮಾಡಿಸುತ್ತದೆ, ಮ್ಯಾಕ್ ತನ್ನ ಕೋರ್ ಟೆಕ್ಸ್ಟ್‌ನಿಂದ, ಲಿನಕ್ಸ್ ಹಾರ್ಫ್‌ಬಝ್‌ನಿಂದ. ಫಾಂಟ್ ಒಂದೇ ಆದರೂ ಒಮ್ಮೊಮ್ಮೆ ಫಲಿತಾಂಶ ಬೇರೆ. ಇದರ ಜೊತೆಗೆ ತಂತ್ರಾಂಶದ ತಕರಾರು. ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಯವರೆಗೂ ಬರಲಿಲ್ಲ. ಅದರ ಕೊನೆಯ ಆವೃತ್ತಿ 2001ರದ್ದು. ಪುಟ ಕಟ್ಟುವ ಅಡೋಬಿಯ ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಅನ್ನುವ ಆಯ್ಕೆ ಆನ್ ಮಾಡದಿದ್ದರೆ ಕನ್ನಡ ಚೂರುಚೂರು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಟೈಪ್ ಸೆಟ್ಟಿಂಗಿಗೆ ಹೋಗಿ ಅಂಥದ್ದನ್ನು ಹುಡುಕಬೇಕಿತ್ತು. ನನ್ನ ಹತ್ತಿರ ಬಂದು "ಸಾರ್, ಅಡೋಬಿಯಲ್ಲಿ ಕನ್ನಡ ಬರಲ್ಲ" ಅನ್ನುವವರಲ್ಲಿ ಜಾಸ್ತಿ ಜನ ಆ ಒಂದು ಗುಂಡಿ ಒತ್ತಿರುವುದಿಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ಪ್ರೊಸೆಸರ್ ವೇಗ ಕೇಳುವ ಮೊದಲು ಒಂದು ಪರೀಕ್ಷೆ ಮಾಡಿ. ನೀವು ಬಳಸುವ ತಂತ್ರಾಂಶದಲ್ಲಿ, ನಿಮ್ಮ ಫಾಂಟಿನಲ್ಲಿ ನಾಲ್ಕು ಪದ ಟೈಪ್ ಮಾಡಿ. ಕರ್ನಾಟಕ, ಸ್ತ್ರೀ, ಸ್ವಾತಂತ್ರ್ಯ, ರ‍್ಯಾಂಕ್. ಮೊದಲ ಮೂರು ಬಂದು ನಾಲ್ಕನೆಯದು ಕೈಕೊಟ್ಟರೆ ಆಶ್ಚರ್ಯ ಬೇಡ. 'ರ' ಪೂರ್ತಿಯಾಗಿ ನಿಂತು 'ಯ' ಅದರ ಕೆಳಗೆ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಅದನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲೇ ಹಳೆಯ ಮತ್ತು ಹೊಸ ತಂತ್ರಾಂಶಗಳಿಗೆ ಒಮ್ಮತ ಇಲ್ಲ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ನಾನು ಮ್ಯಾಕ್ ವಿರೋಧಿ ಅಂತ ಆಗಲೇ ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಗಿದೆ. ಖಂಡಿತ ಅಲ್ಲ. 2020ರಲ್ಲಿ ಎಂ1 ಚಿಪ್ ಬಂದ ಮೇಲೆ ಅಷ್ಟು ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ, ಫ್ಯಾನ್ ಇಲ್ಲದೆ, ವಿಡಿಯೋ ಎಡಿಟ್ ಮಾಡಬಹುದು ಅಂತ ಆಯಿತು. ಪರದೆಯ ಬಣ್ಣ ನಂಬಬಹುದು. ಆದರೆ ತಗೊಳ್ಳುವ ದಿನ ಎಷ್ಟು ಮೆಮರಿ ತಗೊಂಡಿರೋ ಅಷ್ಟೇ. ಆ ಲ್ಯಾಪ್‌ಟಾಪ್‌ನಲ್ಲಿ ಆಮೇಲೆ ಮೆಮರಿ ಸೇರಿಸಲು ಬರುವುದಿಲ್ಲ, ಎಸ್‌ಪಿ ರೋಡಿನ ಯಾವ ಅಂಗಡಿಗೆ ಹೋದರೂ. ಲೆಕ್ಕ ಹಾಕುವ ಅಪ್ಪಂದಿರು ಇದನ್ನು ಬರೆದುಕೊಳ್ಳಿ.

ಇನ್ನು ಬೀಗದ ವಿಷಯ, ಅಂದರೆ ಒಂದು ಕಂಪನಿಯ ವಸ್ತುವಿಗೆ ಸಿಕ್ಕಿಹಾಕಿಕೊಳ್ಳುವುದು. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವಂಥದ್ದು. ಲಾಜಿಕ್ ಅಂತ ಸಂಗೀತದ ತಂತ್ರಾಂಶ ಇದೆಯಲ್ಲ, ಅದು ಮೊದಲು ವಿಂಡೋಸ್‌ನಲ್ಲೂ ಇತ್ತು. ಎಮ್ಯಾಜಿಕ್ ಅನ್ನುವ ಜರ್ಮನ್ ಕಂಪನಿಯದ್ದು. 2002ರಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು, ವಿಂಡೋಸ್ ಆವೃತ್ತಿ ನಿಂತಿತು. ವಿಂಡೋಸ್‌ನಲ್ಲಿ ಹಾಡು ಮಾಡುತ್ತಿದ್ದವರು ಏನು ತಪ್ಪು ಮಾಡಿದ್ದರು? 2011ರಲ್ಲಿ ಮ್ಯಾಕಿನವರಿಗೂ ಇದೇ ಆಯಿತು. ಆಪಲ್‌ನ ವಿಡಿಯೋ ಎಡಿಟಿಂಗ್ ತಂತ್ರಾಂಶ ಫೈನಲ್ ಕಟ್ ಹೊಸದಾಗಿ ಬಂತು, ಹಳೆಯ ಫೈನಲ್ ಕಟ್‌ನ ಪ್ರಾಜೆಕ್ಟ್ ಅದರಲ್ಲಿ ತೆರೆಯಲಿಲ್ಲ. 2019ರ ಮ್ಯಾಕ್ ಓಎಸ್ ಕ್ಯಾಟಲಿನಾ ಹಾಕಿಕೊಂಡವರ 32 ಬಿಟ್ ತಂತ್ರಾಂಶಗಳು ಒಂದೇ ರಾತ್ರಿಗೆ ಸತ್ತವು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ಅದರಲ್ಲಿ ಓಡುತ್ತಿದ್ದ ಎಷ್ಟೋ ಗಟ್ಟಿ ಕಂಪ್ಯೂಟರುಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ.

ನಮ್ಮ ಕಡೆಯ ಉದಾಹರಣೆ ಇನ್ನೂ ನೋವಿನದ್ದು. ಸಣ್ಣ ಪ್ರಕಾಶಕರ ಹಳೆಯ ಪುಸ್ತಕಗಳು ಪೇಜ್‌ಮೇಕರ್ ಫೈಲುಗಳಲ್ಲಿ ಕೂತಿವೆ. ಒಳಗಿನ ಅಕ್ಷರ ಹಳೆಯ ನುಡಿ ಫಾಂಟಿನದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಫಾಂಟ್ ಬದಲಾಯಿಸಿದರೆ ಅರ್ಥವಿಲ್ಲದ ಗೀಚು. ಇವತ್ತಿನ ಇನ್‌ಡಿಸೈನ್ ಆ ಫೈಲನ್ನು ತೆರೆಯುವುದೇ ಇಲ್ಲ. ಮರುಮುದ್ರಣ ಮಾಡಬೇಕು ಅಂದರೆ ಹಳೆಯ ಕಂಪ್ಯೂಟರ್ ಜೀವಂತ ಇರುವ ಪ್ರೆಸ್ಸನ್ನು ಹುಡುಕಿಕೊಂಡು ಹೋಗಬೇಕು. ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಕರಡು ಮತ್ತೆ ತಿದ್ದಬೇಕು. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಕೊನೆಗೆ ಲೇಖಕರೇ ಕೂತು ತಿದ್ದುತ್ತಾರೆ. ಹಾಗಾಗಿ ಫೈಲು ಹೋಗುವುದು ಪ್ರೆಸ್ಸಿಗೆ ಮಾತ್ರ ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷ ಬಿಟ್ಟು ನಿಮ್ಮ ಹತ್ತಿರವೇ ವಾಪಸ್ ಬರುತ್ತದೆ.

ಸಂಘಟಕರಿಂದ ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದು, ಅದನ್ನು ಹೊಡೆದುಹಾಕಿ ಐದು ಮಾಡಿದ್ದಾರೆ. ಇನ್ನೂ ಸೌಂಡು, ಅನಿಮೇಷನ್ನು, ಸಿನಿಮಾ ಎಲ್ಲ ಬಾಕಿ ಇದೆ. ಓಡಿಸಿಬಿಡುತ್ತೇನೆ.

ಅನಿಮೇಷನ್ ಓದುವವರು ಲಿನಕ್ಸ್ ಅಂದರೆ ಕೋಡ್ ಬರೆಯುವವರದ್ದು ಅಂದುಕೊಂಡಿದ್ದಾರೆ. ಸಿನಿಮಾಕ್ಕೆ ವಿಎಫ್ಎಕ್ಸ್, ಅಂದರೆ ಕಂಪ್ಯೂಟರ್ ದೃಶ್ಯ ಚಮತ್ಕಾರ, ಮಾಡುವ ದೊಡ್ಡ ಸ್ಟುಡಿಯೋಗಳಿಗೆ ಹೋಗಿ ನೋಡಿ, ಮಾಯಾ, ನ್ಯೂಕ್, ಹೂಡಿನಿ ತಂತ್ರಾಂಶಗಳೆಲ್ಲ ಲಿನಕ್ಸ್ ಮೇಲೆ ಓಡುತ್ತಿರುತ್ತವೆ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶ ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಪುಕ್ಕಟೆ. 2002ರಲ್ಲಿ ಜನರೇ ಒಂದು ಲಕ್ಷ ಯೂರೋ ಚಂದಾ ಎತ್ತಿ ಅದನ್ನು ಕಂಪನಿಯ ಹಿಡಿತದಿಂದ ಬಿಡಿಸಿಕೊಂಡರು. ಬ್ಲೆಂಡರ್‌ನಲ್ಲೇ ಮಾಡಿದ ಲಾಟ್ವಿಯಾದ ಒಂದು ಸಿನಿಮಾ 2025ರಲ್ಲಿ ಆಸ್ಕರ್ ತಗೊಂಡಿತು. ಲಾಟ್ವಿಯಾದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಎಷ್ಟೋ ಕಡಿಮೆ. 3ಡಿ ರೆಂಡರಿಂಗೇ ಮುಖ್ಯ ಅಂದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು ಇರುವ ವಿಂಡೋಸ್ ಅಥವಾ ಲಿನಕ್ಸ್, ಅಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಸಿಗುತ್ತದೆ.

ಸಿನಿಮಾ ಎಡಿಟಿಂಗ್: ಡಾವಿಂಚಿ ರಿಸಾಲ್ವ್ ಮೂರರಲ್ಲೂ ಇದೆ. ಲಿನಕ್ಸ್‌ನಲ್ಲಿ ಅದರ ಪುಕ್ಕಟೆ ಆವೃತ್ತಿ ಮೊಬೈಲಿನಲ್ಲಿ ತೆಗೆದ ವಿಡಿಯೋ ತೆರೆಯಲು ತಕರಾರು ಮಾಡುತ್ತದೆ, ಮೊದಲು ಬೇರೆ ಫಾರ್ಮ್ಯಾಟಿಗೆ ತಿರುಗಿಸಿಕೊಳ್ಳಿ. ಗಾಂಧಿನಗರದಲ್ಲಿ ಯಾರ ಜೊತೆ ಕೆಲಸ ಮಾಡುತ್ತೀರೋ ಅವರ ಎಡಿಟರ್ ಏನು ಬಳಸುತ್ತಾರೆ ಅಂತ ಕೇಳಿ, ಅದನ್ನೇ ಕಲಿಯಿರಿ. ಸೌಂಡ್: ರೀಪರ್, ಆರ್ಡರ್ (Ardour) ಅನ್ನುವ ತಂತ್ರಾಂಶಗಳು. ಎರಡೂ ಆ ಮೂರರಲ್ಲೂ ಓಡುತ್ತವೆ. ಬಿಡಿ, ಅದಕ್ಕೇ ಒಂದು ಸಂಜೆ ಬೇಕು.

ಲಿನಕ್ಸ್‌ಗೆ ಅಡೋಬಿ ಇಲ್ಲ. ಇದನ್ನು ಆ ಸಾಫ್ಟ್‌ವೇರ್ ಅಣ್ಣ ಹೇಳಿರುವುದಿಲ್ಲ. ಅದರ ಬದಲಿಗೆ ಕ್ರಿಟಾ, ಇಂಕ್‌ಸ್ಕೇಪ್, ಜಿಂಪ್, ಸ್ಕ್ರೈಬಸ್ ತಂತ್ರಾಂಶಗಳಲ್ಲಿ ಒಳ್ಳೆಯ ಕೆಲಸ ಆಗುತ್ತದೆ. ಆದರೆ ಏಜೆನ್ಸಿಯವರು ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲು, ಕಳಿಸಿ ಪಿಎಸ್‌ಡಿನೇ ವಾಪಸ್ ಕೇಳಿದರೆ ಕಷ್ಟ. ಕೆ.ಪಿ. ರಾವ್ ಕೀಲಿಮಣೆಯ ಚಿಂತೆ ಬೇಡ, ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಅದೂ ಸಿಗುತ್ತದೆ.

ಆಯಿತು ಆಯಿತು, ಮುಗಿಸುತ್ತೇನೆ. ಹೊರಗೆ ಕಾಫಿ ಇದೆಯಂತೆ. ಲ್ಯಾಪ್‌ಟಾಪ್ ತಂದವರು ಅಲ್ಲೇ ತೆರೆದಿಡಿ, ವರ್ಲ್ಡ್ ರೆಡಿ ಕಂಪೋಸರ್ ಎಲ್ಲಿದೆ ಅಂತ ಒಬ್ಬೊಬ್ಬರಿಗೇ ತೋರಿಸುತ್ತೇನೆ. 'ಡಾ.' ಸೇರಿಸಬೇಕಾದವರು ಮೊದಲು ಬನ್ನಿ.