ಯುಸಿಎಲ್‌ಎ ಬೆಂಚಿನಿಂದ ಎದ್ದು ಬಂದ ಡಚ್ ಹುಡುಗ: ಸ್ವೆನ್ ನೇಟರ್ ಕಥೆ

[ಪರದೆ: ಖಾಲಿ ಬ್ಯಾಸ್ಕೆಟ್‌ಬಾಲ್ ಅಂಕಣ. ಚೆಂಡು ಪುಟಿಯುವ ಸದ್ದು ಮಾತ್ರ.]

ಎಲ್ಲರಿಗೂ ನಮಸ್ಕಾರ.

1973. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತಿವೆ. ಮೊದಲ ಸುತ್ತಿನಲ್ಲೇ, 16ನೆಯದಾಗಿ, ಮಿಲ್ವಾಕಿ ಬಕ್ಸ್ ತಂಡ ಒಂದು ಹೆಸರು ಕರೆಯಿತು: ಸ್ವೆನ್ ನೇಟರ್. ಆರು ಅಡಿ ಹನ್ನೊಂದು ಇಂಚು ಎತ್ತರ. ಯುಸಿಎಲ್‌ಎ ವಿಶ್ವವಿದ್ಯಾಲಯದ ಆಟಗಾರ. ಆದರೆ ಆ ವಿಶ್ವವಿದ್ಯಾಲಯದ ಪರವಾಗಿ ಒಂದೇ ಒಂದು ಪಂದ್ಯದಲ್ಲೂ ಈತ ಮೊದಲ ಐವರಲ್ಲಿ ಇಳಿದವರಲ್ಲ. ಬೆಂಚಿನ ಮೇಲೆ ಕೂತು, ಕರೆದಾಗ ಎದ್ದು ಹೋಗಿ ಆಡಿದವರು. ಕ್ರಿಕೆಟ್‌ನ ಹನ್ನೆರಡನೇ ಆಟಗಾರನನ್ನು ನೇರವಾಗಿ ದೊಡ್ಡ ತಂಡಕ್ಕೆ ಕರೆದುಕೊಂಡ ಹಾಗೆ ಅನ್ನಿ.

ಇದು ಹೇಗಾಯ್ತು? ಈ ವಿಡಿಯೋ ಅದರ ಬಗ್ಗೆ.

[ಪರದೆ: ನೆದರ್ಲೆಂಡ್ಸ್ ನಕ್ಷೆ. ಉತ್ತರದ ತುದಿಯಲ್ಲಿ ಡೆನ್ ಹೆಲ್ಡರ್.]

ಸ್ವೆನ್ ಹುಟ್ಟಿದ್ದು 1950ರ ಜನವರಿಯಲ್ಲಿ, ನೆದರ್ಲೆಂಡ್ಸ್‌ನ ಡೆನ್ ಹೆಲ್ಡರ್ ಎಂಬ ಕಡಲ ತೀರದ ಊರಿನಲ್ಲಿ. ಮೂರು ವರ್ಷದವನಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಇನ್ನೊಂದು ಮದುವೆಯಾಗಿ ಅಮೆರಿಕಕ್ಕೆ ಹೋದರು. ಸ್ವೆನ್ ಮತ್ತು ಅವನ ಸೋದರಿ ಅನಾಥಾಶ್ರಮದಲ್ಲಿ ಉಳಿದರು. ಒಂಬತ್ತನೇ ವಯಸ್ಸಿನ ಹೊತ್ತಿಗೆ ಅಮೆರಿಕದ ಒಂದು ಟಿವಿ ಕಾರ್ಯಕ್ರಮದವರು ಇಬ್ಬರನ್ನೂ ವಿಮಾನದಲ್ಲಿ ಕರೆಸಿಕೊಂಡು, ಕ್ಯಾಮೆರಾ ಮುಂದೆ ಅಮ್ಮನ ಎದುರು ನಿಲ್ಲಿಸಿದರು. ಆ ವಯಸ್ಸಿನ ಮಗುವಿಗೆ, ಗೊತ್ತಿಲ್ಲದ ದೇಶದಲ್ಲಿ, ಅಷ್ಟೊಂದು ದೀಪಗಳ ನಡುವೆ ಅಮ್ಮ ಸಿಗೋದು ಅಂದ್ರೆ ಹೇಗಿರಬಹುದು! ನನಗಂತೂ ಈ ಭಾಗ ಓದಿದಾಗಲೆಲ್ಲ ಸ್ವಲ್ಪ ಹೊತ್ತು ಮುಂದಕ್ಕೆ ಹೋಗೋಕೆ ಆಗಲ್ಲ.

ಬೆಳೆದದ್ದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಹೈಸ್ಕೂಲ್ ತಂಡದಲ್ಲಿ ಜಾಗ ಸಿಗಲಿಲ್ಲ. ಆಟ ಸರಿಯಾಗಿ ಕಲಿತದ್ದು ಆಮೇಲೆ, ಸೈಪ್ರೆಸ್ ಕಾಲೇಜ್ ಎಂಬ ಎರಡು ವರ್ಷದ ಸಣ್ಣ ಕಾಲೇಜಿನಲ್ಲಿ. ಅಂದ್ರೆ ಬೇರೆ ಆಟಗಾರರು ಹತ್ತು ವರ್ಷದಲ್ಲಿ ಕಲಿತದ್ದನ್ನು ಇವರು ಎರಡು ವರ್ಷದಲ್ಲಿ ಕಲಿಯಬೇಕಿತ್ತು. ಕಲಿತರು. ಅಲ್ಲಿಂದ ಯುಸಿಎಲ್‌ಎ ಕರೆಯಿತು.

[ಪರದೆ: ಜಾನ್ ವುಡನ್ ಚಿತ್ರ. ಕೈಯಲ್ಲಿ ಸುತ್ತಿದ ಕಾಗದ.]

ಯುಸಿಎಲ್‌ಎ ಕೋಚ್ ಜಾನ್ ವುಡನ್. 1964ರಿಂದ 1975ರ ಒಳಗೆ 12 ವರ್ಷದಲ್ಲಿ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಗೆದ್ದವರು. ಅವರು ನೇಟರ್‌ಗೆ ಸುಳ್ಳು ಆಸೆ ತೋರಿಸಲಿಲ್ಲ. ಬಿಲ್ ವಾಲ್ಟನ್ ಎಂಬ ಹುಡುಗ ತಂಡಕ್ಕೆ ಬರುತ್ತಿದ್ದಾನೆ, ಸೆಂಟರ್ ಜಾಗ, ಅಂದ್ರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರನ ಜಾಗ, ಅವನದ್ದು, ಪಂದ್ಯಗಳಲ್ಲಿ ನಿನಗೆ ಜಾಸ್ತಿ ಅವಕಾಶ ಸಿಗಲ್ಲ ಅಂತ ಮೊದಲೇ ಹೇಳಿಬಿಟ್ಟರು. ಆದರೆ ದಿನಾ ಮಧ್ಯಾಹ್ನ ಅಭ್ಯಾಸದಲ್ಲಿ ದೇಶದ ಅತ್ಯುತ್ತಮ ಸೆಂಟರ್ ಎದುರು ಆಡುತ್ತೀಯ ಅಂತಲೂ ಹೇಳಿದರು.

ನೇಟರ್ ಒಪ್ಪಿಕೊಂಡರು.

1971–72, 1972–73. ಎರಡು ಸೀಸನ್. ಒಂದೊಂದರಲ್ಲೂ 30 ಪಂದ್ಯ, 30 ಗೆಲುವು. ನೇಟರ್ ಆಡಿದ ಆ ಎರಡು ಸೀಸನ್‌ನಲ್ಲಿ ತಂಡ ಒಂದು ಪಂದ್ಯವನ್ನೂ ಸೋತಿಲ್ಲ. 1973ರ ಫೈನಲ್‌ನಲ್ಲಿ ವಾಲ್ಟನ್ 22 ಸಲ ಗುರಿಯಿಟ್ಟು 21 ಸಲ ಬುಟ್ಟಿಗೆ ಹಾಕಿದರು, 44 ಅಂಕ. ಇವತ್ತಿಗೂ ಜನ ಆ ಪಂದ್ಯದ ಮಾತಾಡುತ್ತಾರೆ. ಆದರೆ ಆ ವಾಲ್ಟನ್ ಮೈಗೆ ದಿನಾ ಮೈ ತಾಗಿಸಿ ತಳ್ಳಾಡಿದವರು ಯಾರು? ತನ್ನ ಎದುರು ಆಡಿದವರಲ್ಲಿ ನೇಟರ್ ಬಲು ಗಟ್ಟಿ ಅಂತ ವಾಲ್ಟನ್ನೇ ಮುಂದೆ ಹೇಳಿಕೊಂಡರು.

ಇಲ್ಲಿ ಒಂದು ವಿಷಯ ನಿಧಾನವಾಗಿ ನೋಡೋಣ. ನೇಟರ್‌ರ ಅನ್ನ ಹುಟ್ಟಿದ್ದೇ ಅದರಿಂದ. ರೀಬೌಂಡ್.

[ಪರದೆ: ನಿಧಾನಗತಿಯಲ್ಲಿ ಚೆಂಡು ರಿಂಗ್‌ಗೆ ಬಡಿದು ಹೊರಗೆ ಚಿಮ್ಮುವುದು.]

ಯಾರೋ ಚೆಂಡು ಎಸೆದರು. ಬುಟ್ಟಿಗೆ ಬೀಳಲಿಲ್ಲ. ರಿಂಗ್‌ಗೆ ತಗುಲಿ ಹೊರಗೆ ಬಂತು. ಅದನ್ನು ಹಿಡಿಯೋದೇ ರೀಬೌಂಡ್. ಎತ್ತರ ಇದ್ದವರಿಗೆ ಸಿಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆ ಮಟ್ಟದಲ್ಲಿ ಎಲ್ಲರೂ ಎತ್ತರವೇ. ವುಡನ್ ಕಲಿಸಿದ್ದು ಬಹಳ ಸರಳ. ಚೆಂಡು ಎಸೆದವರ ಕೈ ಬಿಟ್ಟ ಕ್ಷಣ, ಇದು ತಪ್ಪುತ್ತದೆ ಅಂತಲೇ ಅಂದುಕೋ. ಎರಡೂ ಕೈ ಹೆಗಲಿಗಿಂತ ಮೇಲೆ ಎತ್ತು. ಆಮೇಲೆ ಚೆಂಡಿನ ಕಡೆ ಹೋಗು. ಕೈ ಕೆಳಗೆ ಜೋತು ಬಿದ್ದಿದ್ದರೆ ಅದನ್ನು ಮೇಲೆ ತರೋ ಅರ್ಧ ಸೆಕೆಂಡಿನಲ್ಲಿ ಚೆಂಡು ಇನ್ನೊಬ್ಬನ ಪಾಲು. ಇದನ್ನು ಒಂದು ಸಲ ಹೇಳಿದರೆ ಯಾರಿಗಾದರೂ ಅರ್ಥ ಆಗುತ್ತೆ. ಸುಸ್ತಾಗಿ, ಉಸಿರು ಮೇಲೆ ಬಂದಾಗಲೂ, ಯೋಚನೆ ಮಾಡದೆ ಕೈ ತಾನೇ ಎದ್ದು ನಿಲ್ಲಬೇಕು. ಅದಕ್ಕೆ ಬೇಕಾಗೋದು ಸಾವಿರಾರು ಸಲದ ಅಭ್ಯಾಸ. ನೇಟರ್‌ಗೆ ಪಂದ್ಯ ಇರಲಿಲ್ಲ, ಅಭ್ಯಾಸ ಬೇಕಾದಷ್ಟಿತ್ತು.

[ಪರದೆ: ಕೆಂಪು, ಬಿಳಿ, ನೀಲಿ ಬಣ್ಣದ ಎಬಿಎ ಚೆಂಡು.]

ಆಗ ಎನ್‌ಬಿಎಗೆ ಪೈಪೋಟಿ ಕೊಡುತ್ತಿದ್ದ ಇನ್ನೊಂದು ಲೀಗ್ ಇತ್ತು, ಎಬಿಎ. ನೇಟರ್ ಮೊದಲು ಹೋದದ್ದು ಅಲ್ಲಿಗೆ. ವರ್ಜೀನಿಯಾ ಸ್ಕ್ವೈರ್ಸ್ ತಂಡದಲ್ಲಿ ಶುರುಮಾಡಿ, ಅದೇ ಸೀಸನ್‌ನಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ಸೇರಿ, 1974ರಲ್ಲಿ ಆ ಲೀಗಿನ ಅತ್ಯುತ್ತಮ ಹೊಸ ಆಟಗಾರ ಅನ್ನೋ ಪ್ರಶಸ್ತಿ ತೆಗೆದುಕೊಂಡರು. ಮುಂದಿನ ಸೀಸನ್‌ನಲ್ಲಿ ಇಡೀ ಎಬಿಎಯಲ್ಲಿ ಅತಿ ಹೆಚ್ಚು ರೀಬೌಂಡ್ ಸರಾಸರಿ ಇವರದ್ದೇ. 1976ರಲ್ಲಿ ಎಬಿಎ ಮುಚ್ಚಿತು, ನಾಲ್ಕು ತಂಡಗಳು ಎನ್‌ಬಿಎ ಸೇರಿದವು. ನೇಟರ್ ಮಿಲ್ವಾಕಿಗೆ, ಅಲ್ಲಿಂದ ಬಫಲೋ ಬ್ರೇವ್ಸ್‌ಗೆ. ಆ ತಂಡ 1978ರಲ್ಲಿ ಊರು ಬದಲಿಸಿ ಸ್ಯಾನ್ ಡಿಯಾಗೋ ಕ್ಲಿಪ್ಪರ್ಸ್ ಆಯಿತು.

ಕಥೆ ನನಗೆ ಬಹಳ ಇಷ್ಟವಾಗೋದು ಇಲ್ಲಿ. 1979ರಲ್ಲಿ ಕ್ಲಿಪ್ಪರ್ಸ್ ಒಬ್ಬ ದೊಡ್ಡ ಸೆಂಟರ್‌ನನ್ನು ಕರೆತಂದಿತು. ಯಾರು ಅಂತ ಊಹಿಸಿ. ಬಿಲ್ ವಾಲ್ಟನ್! ಮತ್ತೆ ಅದೇ ಜಾಗ, ಅದೇ ಇಬ್ಬರು. ಆದರೆ ವಾಲ್ಟನ್ ಕಾಲಿನ ಗಾಯದಿಂದ ನರಳುತ್ತಿದ್ದರು. ಆ ಸೀಸನ್‌ನಲ್ಲಿ ಅವರಿಗೆ ಆಡೋಕಾದದ್ದು 14 ಪಂದ್ಯ ಮಾತ್ರ. ಗೆಳೆಯನ ಪಾಡು ನೋಡಿ ಯಾರಿಗೂ ಖುಷಿ ಆಗಲ್ಲ. ಆದರೆ ತಂಡಕ್ಕೆ ಸೆಂಟರ್ ಬೇಕಿತ್ತು. ನೇಟರ್ ನಿಂತರು. ಪಂದ್ಯಕ್ಕೆ 15 ರೀಬೌಂಡ್ ಸರಾಸರಿಯೊಂದಿಗೆ 1979–80ರಲ್ಲಿ ಎನ್‌ಬಿಎಗೇ ಮೊದಲಿಗರಾದರು. ಆ ಡಿಸೆಂಬರ್‌ನಲ್ಲಿ ಡೆನ್ವರ್ ವಿರುದ್ಧ ಪಂದ್ಯದ ಒಂದೇ ಅರ್ಧದಲ್ಲಿ, ಎದುರಾಳಿ ತಪ್ಪಿಸಿದ 18 ಚೆಂಡುಗಳನ್ನು ಹಿಡಿದು ದಾಖಲೆ ಮಾಡಿದರು.

ಎಬಿಎ, ಎನ್‌ಬಿಎ ಎರಡರಲ್ಲೂ ರೀಬೌಂಡ್‌ನಲ್ಲಿ ಮೊದಲ ಸ್ಥಾನ ಪಡೆದ ಆಟಗಾರ ಇವರೊಬ್ಬರೇ.

1983ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಂದರು. 1984ರ ಫೈನಲ್‌ನಲ್ಲಿ ಲೇಕರ್ಸ್ ಬೋಸ್ಟನ್‌ಗೆ ಸೋತಿತು. ಆಮೇಲೆ ಸ್ವಲ್ಪ ಕಾಲ ಯೂರೋಪಿನಲ್ಲಿ ಆಡಿ ನಿಲ್ಲಿಸಿದರು.

[ಪರದೆ: ಸಣ್ಣ ಜಿಮ್. ಮರದ ನೆಲ, ಗೋಡೆಗೆ ಒರಗಿಸಿದ ಚೆಂಡುಗಳ ಸ್ಟ್ಯಾಂಡ್.]

ಮುಂದೆ ಕೋಚ್ ನೇಟರ್. ಸ್ಯಾನ್ ಡಿಯಾಗೋ ಹತ್ತಿರದ ಎಲ್ ಕಹೋನ್‌ನಲ್ಲಿ ಕ್ರಿಶ್ಚಿಯನ್ ಹೆರಿಟೇಜ್ ಕಾಲೇಜ್ ಅಂತ ಒಂದು ಪುಟ್ಟ ಕಾಲೇಜು ಇತ್ತು. ಕ್ಯಾಮೆರಾ ಇಲ್ಲ, ತುಂಬಿದ ಸ್ಟೇಡಿಯಂ ಇಲ್ಲ. ಅಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿ, ವರ್ಷಗಳ ಕಾಲ ಹುಡುಗರಿಗೆ ಆಟ ಕಲಿಸಿದರು. ಕಲಿಸೋಕೆ ನಿಂತಾಗ ಅವರಿಗಿದ್ದ ದೊಡ್ಡ ಆಸ್ತಿ ವುಡನ್ ಅಂಕಣದಲ್ಲಿ ಕಣ್ಣಾರೆ ಕಂಡದ್ದು.

ಏನದು? 1974–75ರಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯುಸಿಎಲ್‌ಎ ಅಭ್ಯಾಸ ನೋಡಲು ಕೂತು, ವುಡನ್ ಆಡಿದ ಮಾತುಗಳನ್ನು ಎಣಿಸಿದರು. ಒಟ್ಟು 2326 ಸಲ ಅವರು ಆಟಗಾರರಿಗೆ ಏನೋ ಹೇಳಿದ್ದರು. ಹೊಗಳಿಕೆ ತೀರಾ ಕಡಿಮೆ. ಬೈಗುಳವೂ ಕಡಿಮೆ. ಅರ್ಧದಷ್ಟು ಮಾತು ಬರೀ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನೋದು. ಯಾರಾದರೂ ತಪ್ಪು ಮಾಡಿದರೆ ವುಡನ್ ತಾವೇ ಸರಿಯಾದ ರೀತಿ ಮಾಡಿ ತೋರಿಸೋರು, ಆಮೇಲೆ ಹುಡುಗ ಮಾಡಿದ ತಪ್ಪು ರೀತಿ, ತಕ್ಷಣ ಮತ್ತೆ ಸರಿ ರೀತಿ. ಕೆಲವೇ ಸೆಕೆಂಡು. ಮತ್ತೆ ಆಟ ಮುಂದುವರಿಕೆ.

ಮುಂದೆ ಅದೇ ಗ್ಯಾಲಿಮೋರ್ ಜೊತೆ ಸೇರಿ ನೇಟರ್ ವುಡನ್ ಪಾಠ ಮಾಡುವ ರೀತಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಒಬ್ಬರು ಬದಿಯಲ್ಲಿ ಕೂತು ಎಣಿಸಿದವರು, ಇನ್ನೊಬ್ಬರು ಆ ಅಂಕಣದಲ್ಲಿ ಬೆವರು ಸುರಿಸಿದವರು. ಇಂಥ ಜೋಡಿ ಮತ್ತೆ ಸಿಗೋದು ಕಷ್ಟ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದ ಮೇಷ್ಟ್ರುಗಳಿಗೂ ಅದರಲ್ಲಿ ಬೇಕಾದಷ್ಟಿದೆ.

ಕೋಚಿಂಗ್ ಆದ ಮೇಲೆ ನೇಟರ್ ಕಾಸ್ಟ್‌ಕೋ ಕಂಪನಿಯಲ್ಲಿ ಕ್ರೀಡಾ ಸಾಮಾನು ಖರೀದಿ ವಿಭಾಗದಲ್ಲಿ ಕೆಲಸ ಮಾಡಿದರು. ಜೊತೆಗೆ ಕವಿತೆ ಬರೆದರು, ವುಡನ್ ಅವರಿಗಾಗಿ. ನೂರಕ್ಕೂ ಹೆಚ್ಚು ಕವಿತೆ! ವುಡನ್ 2010ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

[ಪರದೆ: ಮತ್ತೆ ಅದೇ ಖಾಲಿ ಅಂಕಣ. ಈ ಸಲ ಒಬ್ಬ ಹುಡುಗ, ಬುಟ್ಟಿಯ ಕೆಳಗೆ.]

ಇನ್ನೊಂದು ಸಲ ಬ್ಯಾಸ್ಕೆಟ್‌ಬಾಲ್ ಪಂದ್ಯ ಹಾಕಿದಾಗ, ಯಾರಾದರೂ ದೂರದಿಂದ ಚೆಂಡು ಎಸೆದ ಕೂಡಲೇ ಒಂದು ಕೆಲಸ ಮಾಡಿ. ಚೆಂಡನ್ನು ನೋಡಬೇಡಿ. ಬುಟ್ಟಿಯ ಕೆಳಗೆ ನಿಂತವರ ಕೈ ನೋಡಿ. ಯಾರ ಕೈ ಆಗಲೇ ಮೇಲಿದೆ?